ಮರೆತ ಊಟ, ನಿಲ್ಲದ ಕೈ: ಎಡಿಎಚ್‌ಡಿ ಜೊತೆಗೆ ಈಟಿಂಗ್ ಡಿಸಾರ್ಡರ್ ಇರುವ ವಯಸ್ಕರಿಗೆ

ಬೆಳಿಗ್ಗೆ ಎಂಟಕ್ಕೆ ಒಂದು ಲೋಟ ಕಾಫಿ. ತಿಂಡಿಯ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ, ತಿನ್ನಬೇಕಾದವರು ಕಚೇರಿಯಲ್ಲಿ. ಮಧ್ಯಾಹ್ನ ಲೆಕ್ಕದ ಹಾಳೆಯೊಂದರಲ್ಲಿ ಮುಳುಗಿ ತಲೆಯೆತ್ತಿದರೆ ಗಂಟೆ ನಾಲ್ಕೂವರೆ, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ. ಇನ್ನೊಂದು ಕಾಫಿ. ರಾತ್ರಿ ಊಟ ಮುಗಿದರೂ ಕೈ ನಿಲ್ಲುವುದಿಲ್ಲ. ಅನ್ನದ ಮೇಲೆ ಮಿಕ್ಸ್ಚರ್, ಅದರ ಮೇಲೆ ಬಿಸ್ಕತ್ತು, ಅದರ ಮೇಲೆ ಫ್ರಿಜ್ಜಿನಲ್ಲಿದ್ದ ನಿನ್ನೆಯ ಪಲ್ಯ ತಣ್ಣಗೇ. ರುಚಿ ಗೊತ್ತಾಗುವುದು ನಿಂತು ಎಷ್ಟೋ ಹೊತ್ತಾಗಿರುತ್ತದೆ. ಮಲಗುವ ಮುನ್ನ ಒಂದು ಶಪಥ: ನಾಳೆ ಏನೂ ತಿನ್ನುವುದಿಲ್ಲ. ನಾಳೆಯ ರಾತ್ರಿಯೂ ಹೀಗೇ ಆಗಲು ಆ ಶಪಥ ಒಂದೇ ಸಾಕು.

ಇದು ತನ್ನದೇ ದಿನಚರಿ ಎನ್ನಿಸಿದವರಿಗಾಗಿ ಈ ಬರಹ. ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಥಟ್ಟನೆ ವರ್ತಿಸುವಂತೆ ಮಾಡುವ ಮಿದುಳಿನ ಸ್ಥಿತಿ. ಈಟಿಂಗ್ ಡಿಸಾರ್ಡರ್ ಅಂದರೆ ತಿನ್ನುವ ರೀತಿಯೇ ಕೆಡುವ ಮಾನಸಿಕ ಕಾಯಿಲೆ. ಎಡಿಎಚ್‌ಡಿ ಎಂದರೆ ಶಾಲೆಯಲ್ಲಿ ಕುಳಿತಲ್ಲಿ ಕೂರದ ಹುಡುಗನ ಸಮಸ್ಯೆ, ಈಟಿಂಗ್ ಡಿಸಾರ್ಡರ್ ಎಂದರೆ ಉಪವಾಸ ಬಿದ್ದು ಕಡ್ಡಿಯಾದ ಹುಡುಗಿಯ ಸಮಸ್ಯೆ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಎರಡೂ ಅರ್ಧ ಸತ್ಯ. ಅಮೆರಿಕದಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ವಯಸ್ಕರಲ್ಲಿ ಶೇ 4.4ರಷ್ಟು ಮಂದಿಗೆ ಎಡಿಎಚ್‌ಡಿ ಇತ್ತು. ಅದೇ ಸಮೀಕ್ಷೆಯಲ್ಲಿ ಜೀವನದ ಯಾವುದೋ ಹಂತದಲ್ಲಿ ಬಿಂಜ್ ಈಟಿಂಗ್ ಕಾಯಿಲೆ, ಅಂದರೆ ಹಿಡಿತ ತಪ್ಪಿ ಮಿತಿಮೀರಿ ತಿನ್ನುವ ಕಾಯಿಲೆ, ಬಂದವರು ಮಹಿಳೆಯರಲ್ಲಿ ಶೇ 3.5, ಪುರುಷರಲ್ಲಿ ಶೇ 2. ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆ, ಬಂದವರಿಗಿಂತ ಇವರ ಸಂಖ್ಯೆಯೇ ಹೆಚ್ಚು, ಆದರೂ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಬಿಂಜ್ ಈಟಿಂಗ್‌ಗೆ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕಿದ್ದು 2013ರಲ್ಲಿ. ಎಡಿಎಚ್‌ಡಿ ಇರುವವರಿಗೆ ಈಟಿಂಗ್ ಡಿಸಾರ್ಡರ್ ಬರುವ ಸಾಧ್ಯತೆ ಇಲ್ಲದವರಿಗಿಂತ ಹಲವು ಪಟ್ಟು ಹೆಚ್ಚು ಎಂದು, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿತು.

ಕಷ್ಟ ಏನೆಂದರೆ, ಒಂದಕ್ಕೆ ಕೊಡುವ ಸಲಹೆ ಇನ್ನೊಂದಕ್ಕೆ ಹೊಂದುವುದಿಲ್ಲ. ‘ಹಸಿವಾದಾಗ ತಿನ್ನಿ, ಹೊಟ್ಟೆ ತುಂಬಿದಾಗ ನಿಲ್ಲಿಸಿ’ ಎನ್ನುತ್ತಾರೆ. ಎಡಿಎಚ್‌ಡಿ ಇರುವ ಎಷ್ಟೋ ಜನರಿಗೆ ಹಸಿವು ಗಮನಕ್ಕೆ ಬರುವುದೇ ತಲೆನೋವಾಗಿ, ಸಿಡುಕಾಗಿ, ಕೈನಡುಕವಾಗಿ. ‘ಸಕ್ಕರೆ ಬಿಡಿ, ಮೈದಾ ಬಿಡಿ, ಏಕಾಗ್ರತೆ ಬರುತ್ತದೆ’ ಎನ್ನುತ್ತಾರೆ. ಬಿಂಜ್ ಇರುವವರಿಗೆ ಇಂಥ ಪಟ್ಟಿ ಉರಿಯುವ ಬೆಂಕಿಗೆ ತುಪ್ಪ. ಆದ್ದರಿಂದ ಕೆಳಗಿನ ಹೆಜ್ಜೆಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮುಖ್ಯ. ತೂಕ ಇಳಿಸುವ ಮಾತು ಇಲ್ಲಿ ಎಲ್ಲೂ ಬರುವುದಿಲ್ಲ, ಬೇಕೆಂದೇ ಬಿಟ್ಟಿದ್ದೇನೆ.

ಮೊದಲಿಗೆ: ಕಾಯಬಾರದ ಲಕ್ಷಣಗಳು

ಈ ಪಟ್ಟಿಯಲ್ಲಿ ಒಂದಾದರೂ ನಿಮಗಿದ್ದರೆ ಮುಂದಿನದನ್ನು ಆಮೇಲೆ ಓದಿ, ಮೊದಲು ಆಸ್ಪತ್ರೆಗೆ ಹೋಗಿ: ತಲೆಸುತ್ತಿ ಬೀಳುವುದು, ಎದೆಬಡಿತ ತಪ್ಪಿದಂತಾಗುವುದು, ವಾಂತಿಯಲ್ಲಿ ರಕ್ತ, ಸ್ನಾಯುಗಳ ಸೆಳೆತ ಅಥವಾ ವಿಪರೀತ ನಿಶ್ಶಕ್ತಿ, ಕೆಲವೇ ತಿಂಗಳಲ್ಲಿ ತೂಕ ಸರ್ರನೆ ಇಳಿದಿರುವುದು, ಬದುಕುವುದೇ ಬೇಡ ಎನ್ನುವ ಯೋಚನೆ. ಪದೇ ಪದೇ ವಾಂತಿ ಮಾಡಿಕೊಳ್ಳುವವರಲ್ಲಿ, ಭೇದಿ ಮಾತ್ರೆ ನುಂಗುವವರಲ್ಲಿ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಲಯ ಕೆಡಬಹುದು. ನೋಡುವವರ ಕಣ್ಣಿಗೆ ಅವರು ಗಟ್ಟಿಮುಟ್ಟಾಗಿಯೇ ಕಾಣಿಸುತ್ತಿರುತ್ತಾರೆ.

ಇನ್ನೊಂದು ಎಚ್ಚರಿಕೆ. ಐದು ದಿನಕ್ಕಿಂತ ಹೆಚ್ಚು ಕಾಲ ಬಹುತೇಕ ಏನನ್ನೂ ತಿನ್ನದೆ ಇದ್ದವರು ಒಮ್ಮೆಗೇ ಹೊಟ್ಟೆ ತುಂಬ ಉಣ್ಣಲು ಶುರುಮಾಡಬಾರದು. ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಗಾವಲಿನಲ್ಲಿಯೇ ಊಟ ಹೆಚ್ಚಿಸಬೇಕು.

ಎರಡನೆಯದು: ಯಾವುದು ಯಾವುದನ್ನು ತಳ್ಳುತ್ತಿದೆ ಎಂದು ನೋಡಿ

ಒಂದು ವಾರ ನಿಮ್ಮ ದಿನವನ್ನು ಗಮನಿಸಿ. ಡೈರಿ ಬರೆಯಿರಿ ಎಂದು ಹೇಳುವುದಿಲ್ಲ, ಎಡಿಎಚ್‌ಡಿ ಇರುವವರ ಡೈರಿ ಮೂರನೆಯ ಪುಟದ ಆಚೆ ಹೋಗುವುದು ಅಪರೂಪ. ತಿನ್ನುವ ಮುನ್ನ ಮೊಬೈಲಿನಲ್ಲಿ ತಟ್ಟೆಯ ಒಂದು ಚಿತ್ರ ತೆಗೆದರೆ ಸಾಕು, ಹೊತ್ತು ತಾನಾಗಿ ದಾಖಲಾಗುತ್ತದೆ. ಹಿಡಿತ ತಪ್ಪಿದ ದಿನ ಒಂದು ಮಾತನ್ನು ಧ್ವನಿಮುದ್ರಿಸಿಡಿ: ಅದಕ್ಕೆ ಮುಂಚೆ ಏನಾಯಿತು? ಕ್ಯಾಲೊರಿ ಎಣಿಸುವ ಆ್ಯಪ್ ಬೇಡವೇ ಬೇಡ. ಸಂಖ್ಯೆಯ ಬೆನ್ನು ಹತ್ತುವ ಗೀಳು ಎಡಿಎಚ್‌ಡಿಯವರಿಗೆ ಹೊಸ ಆಟಿಕೆಯಂತೆ ಅಂಟಿಕೊಳ್ಳುತ್ತದೆ, ಅನೊರೆಕ್ಸಿಯಾಕ್ಕೆ ಬೇಕಾಗಿರುವುದೂ ಅದೇ.

ವಾರದ ಕೊನೆಗೆ ಚಿತ್ರಗಳನ್ನು ಸಾಲಾಗಿ ನೋಡಿದರೆ ಒಂದಿಷ್ಟು ಸಂಗತಿ ತಾನಾಗಿ ಕಾಣುತ್ತದೆ. ಕೆಲವರಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಚಿತ್ರವೇ ಇರುವುದಿಲ್ಲ. ರಾತ್ರಿಯ ಬಿಂಜ್ ಅಲ್ಲಿ ಬಹುಮಟ್ಟಿಗೆ ಹಗಲಿನ ಹಸಿವಿನ ಬಾಕಿ. ಕೆಲವರು ಹೊಟ್ಟೆ ತುಂಬಿದ್ದರೂ ಬೇಸರ ಕಳೆಯಲು ತಿನ್ನುತ್ತಾರೆ, ಮುಖ್ಯವಾಗಿ ಒಲ್ಲದ ಕೆಲಸ ಎದುರಿಗಿರುವಾಗ. ಎಡಿಎಚ್‌ಡಿಯಲ್ಲಿ ಮಿದುಳಿನ ಡೋಪಮಿನ್ ವ್ಯವಸ್ಥೆ, ಅಂದರೆ ಖುಷಿ, ಆಸೆಗಳಿಗೆ ಸಂಬಂಧಿಸಿದ ರಾಸಾಯನಿಕದ ವ್ಯವಸ್ಥೆ, ಬೇರೆ ರೀತಿ ನಡೆಯುತ್ತದೆ. ಈಗಲೇ ಸಿಗುವ ಸಣ್ಣ ಖುಷಿ ಆಮೇಲೆ ಸಿಗುವ ದೊಡ್ಡದನ್ನು ಸೋಲಿಸುತ್ತದೆ. ಕರಿದದ್ದು, ಸಿಹಿ, ಗರಿಗರಿ ಎಲ್ಲವೂ ಆ ಕ್ಷಣದ ಖುಷಿಯನ್ನು ಖಾತ್ರಿಯಾಗಿ ಕೊಡುತ್ತವೆ. ಇನ್ನು ಕೆಲವರಲ್ಲಿ ಮೇಲಧಿಕಾರಿಯ ಒಂದು ಮಾತು, ಗೆಳತಿ ಉತ್ತರಿಸದ ಒಂದು ಸಂದೇಶ ಕಿಡಿಯಾಗುತ್ತದೆ. ಭಾವನೆ ಥಟ್ಟನೆ ಏರುವುದು, ನಿಧಾನವಾಗಿ ಇಳಿಯುವುದು ಎಡಿಎಚ್‌ಡಿಯ ಜೊತೆಗೇ ಬರುವ ಸಂಗತಿ.

ಇದನ್ನು ತಿರುವುಮುರುವಾಗಿಯೂ ನೋಡಬೇಕು. ಹಸಿದ ಮಿದುಳಿಗೆ ಗಮನ ನಿಲ್ಲುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರನ್ನು ಅವರ ಒಪ್ಪಿಗೆಯ ಮೇಲೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದರು. ಅವರ ಏಕಾಗ್ರತೆ ಹೋಯಿತು, ಸಿಡುಕು ಬಂತು, ಇಡೀ ದಿನ ಊಟದ್ದೇ ಮಾತು, ಊಟದ್ದೇ ಕನಸು. ಆಮೇಲೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಲಲಿಲ್ಲ. ಹೀಗಾಗಿ ಸರಿಯಾಗಿ ಊಟ ಮಾಡದವರಿಗೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ಮರೆವು ಎಡಿಎಚ್‌ಡಿ ಅಲ್ಲದೆಯೂ ಇರಬಹುದು. ಎಡಿಎಚ್‌ಡಿ ಎನ್ನಬೇಕಾದರೆ ಅದರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು.

ಮೂರನೆಯದು: ಹಸಿವಿಗೆ ಕಾಯಬೇಡಿ, ಗಡಿಯಾರ ನೋಡಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಬುಲಿಮಿಯಾ (ಮಿತಿಮೀರಿ ತಿಂದು, ವಾಂತಿ, ಉಪವಾಸಗಳಿಂದ ಸರಿದೂಗಿಸುವ ಕಾಯಿಲೆ), ಬಿಂಜ್ ಎರಡಕ್ಕೂ ಹೆಚ್ಚು ಬಳಕೆಯಲ್ಲಿರುವ ಮಾತಿನ ಚಿಕಿತ್ಸೆಯನ್ನು ಆಕ್ಸ್‌ಫರ್ಡಿನ ಕ್ರಿಸ್ಟಫರ್ ಫೇರ್‌ಬರ್ನ್ ರೂಪಿಸಿದರು. ಅದರ ಆರಂಭದ ಪಾಠಗಳಲ್ಲೊಂದು ಏನು ತಿನ್ನಬೇಕು ಎಂಬುದಲ್ಲ, ಯಾವಾಗ ಎಂಬುದು: ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಎಚ್ಚರವಿರುವಾಗ ಎರಡರ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಿಲ್ಲ.

ಕಾಗದದ ಮೇಲೆ ಸುಲಭ. ಎಡಿಎಚ್‌ಡಿ ಇರುವವರ ಮನೆಯಲ್ಲಿ ಇದು ಹೇಗೆ ಮುರಿದು ಬೀಳುತ್ತದೆ? ಅಲಾರಂ ಬಡಿಯುತ್ತದೆ, ಕೈ ಅದನ್ನು ನೋಡದೆಯೇ ಆರಿಸುತ್ತದೆ, ಎರಡು ನಿಮಿಷದಲ್ಲಿ ಬಡಿದದ್ದೇ ನೆನಪಿರುವುದಿಲ್ಲ. ಆದ್ದರಿಂದ ಅಲಾರಂ ಇಟ್ಟ ಮೊಬೈಲನ್ನು ತಿಂಡಿಯ ಡಬ್ಬಿಯ ಪಕ್ಕದಲ್ಲಿಡಿ, ಎದ್ದು ಹೋಗಿಯೇ ಆರಿಸಬೇಕು. ‘ಊಟ’ ಎಂದು ಹೆಸರಿಡುವ ಬದಲು ‘ಎದ್ದೇಳು, ಮೊಸರನ್ನದ ಡಬ್ಬಿ ತೆರೆ’ ಎಂದು ಕೆಲಸದ ಮೊದಲ ಚಲನೆಯನ್ನೇ ಬರೆಯಿರಿ. ಎಲ್ಲಕ್ಕಿಂತ ಒಳ್ಳೆಯದು ಇನ್ನೊಬ್ಬ ಮನುಷ್ಯ. ಒಂದೂವರೆಗೆ ಊಟಕ್ಕೆ ಏಳುವ ಸಹೋದ್ಯೋಗಿಗೆ ‘ನನ್ನನ್ನೂ ಎಬ್ಬಿಸಿಕೊಂಡು ಹೋಗಿ’ ಎಂದು ಹೇಳಿಟ್ಟರೆ ಯಾವ ಆ್ಯಪ್ ಕೂಡ ಅದಕ್ಕೆ ಸಮನಲ್ಲ. ಒಬ್ಬರೇ ಇರುವವರು ಊಟದ ಹೊತ್ತಿಗೆ ಅಕ್ಕನಿಗೋ ಗೆಳೆಯನಿಗೋ ವಿಡಿಯೊ ಕರೆ ಮಾಡಬಹುದು.

ಮೊದಲೆರಡು ವಾರ ಹೊಟ್ಟೆ ಭಾರ ಎನ್ನಿಸಬಹುದು, ಹಸಿವಿಲ್ಲದೆ ತಿನ್ನುತ್ತಿದ್ದೇನೆ ಎಂಬ ಅಪರಾಧಭಾವ ಬರಬಹುದು. ಹಸಿವಿನ ಸಂಕೇತ ಮತ್ತೆ ಸ್ಪಷ್ಟವಾಗುವುದು ನಿಯಮಿತವಾಗಿ ಉಂಡ ಮೇಲೆಯೇ, ಅದಕ್ಕೆ ಮೊದಲಲ್ಲ.

ನಾಲ್ಕನೆಯದು: ಅಡುಗೆಮನೆಯನ್ನು ಮರೆಗುಳಿಗೆ ತಕ್ಕಂತೆ ಮಾಡಿ

ತರಕಾರಿ ತಂದು ಫ್ರಿಜ್ಜಿನ ಕೆಳಗಿನ ಡ್ರಾಯರಿಗೆ ಹಾಕಿದರೆ ಅದು ಕೊಳೆತ ಮೇಲೆಯೇ ಮತ್ತೆ ಕಣ್ಣಿಗೆ ಬೀಳುವುದು. ಕಣ್ಣೆದುರಿಗೆ ಇಲ್ಲದ್ದು ಇಲ್ಲವೇ ಇಲ್ಲ. ಮಸಾಲೆ ಡಬ್ಬಗಳನ್ನು ಕೆಳಕ್ಕೆ ಹಾಕಿ. ತಿನ್ನುವ ಪದಾರ್ಥ ಕಣ್ಣಿನ ಮಟ್ಟಕ್ಕೆ, ಪಾರದರ್ಶಕ ಡಬ್ಬಗಳಲ್ಲಿ.

ಅಡುಗೆ ಎಂಬುದು ಒಂದೇ ಕೆಲಸವಲ್ಲ. ಏನು ಮಾಡುವುದೆಂದು ಯೋಚಿಸುವುದು, ಇರುವುದನ್ನು ನೋಡುವುದು, ಹೆಚ್ಚುವುದು, ಕುಕ್ಕರ್ ಕೂಗು ಎಣಿಸುವುದು, ಕೊನೆಗೆ ಪಾತ್ರೆ. ಯಾವ ಹಂತದಲ್ಲಾದರೂ ಗಮನ ಜಾರಿದರೆ ಊಟವಿಲ್ಲ. ಹಾಗಾಗಿ ಒಲೆ ಹಚ್ಚದೆ ಐದು ನಿಮಿಷದಲ್ಲಿ ಆಗುವ ನಾಲ್ಕು ಊಟಗಳ ಪಟ್ಟಿ ಬರೆದು ಅಂಟಿಸಿ. ನೆನೆಸಿದ ಅವಲಕ್ಕಿಗೆ ಮೊಸರು. ರಾಗಿ ಹುರಿಹಿಟ್ಟಿಗೆ ಮಜ್ಜಿಗೆ, ಇಲ್ಲವೇ ಹಾಲು ಬೆಲ್ಲ. ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಬಾಳೆಹಣ್ಣು. ಬೆಳಿಗ್ಗೆಯೇ ಬೇಯಿಸಿಟ್ಟ ಮೊಟ್ಟೆ, ಚಟ್ನಿಪುಡಿ, ಉಳಿದ ಅನ್ನ. ಮೂರು ಹೊತ್ತೂ ಇಡ್ಲಿ ಹಿಟ್ಟಿನ ಪ್ಯಾಕೆಟ್ಟೇ ಗತಿಯಾದರೂ ನಾಚಿಕೆ ಬೇಡ. ವೈವಿಧ್ಯ ಆಮೇಲೆ ಬರಲಿ. ‘ಮನೆಯಲ್ಲಿ ಬಿಸಿಯಾಗಿ ಮಾಡಿದ್ದೇ ಊಟ’ ಎಂಬ ಹಟವೇ ಎಷ್ಟೋ ಜನರನ್ನು ಹಗಲಿಡೀ ಹಸಿದಿರುವಂತೆ ಮಾಡಿದೆ ಎಂದು ನನ್ನ ಅನಿಸಿಕೆ.

ಕೆಲವರಿಗೆ ತಿನಿಸಿನ ಮೆತ್ತಗೆ, ಲೋಳೆ, ವಾಸನೆಯೇ ಆಗದು. ತಿನ್ನುವ ಪದಾರ್ಥಗಳು ಬೆರಳೆಣಿಕೆಯಷ್ಟು. ದೇಹದ ಆಕಾರದ ಚಿಂತೆ ಇಲ್ಲದೆಯೂ ಹೀಗಾಗುತ್ತದೆ, ಅದಕ್ಕೂ 2013ರಿಂದ ಆರ್ಫಿಡ್ ಎಂಬ ಹೆಸರಿದೆ. ಚಿಕ್ಕಂದಿನಿಂದ ‘ಸೊಕ್ಕು’ ಎಂದು ಬೈಸಿಕೊಂಡವರು ಇದನ್ನು ವೈದ್ಯರಿಗೆ ಹೇಳಬೇಕು.

ಸಿಹಿ, ಕರಿದ ತಿಂಡಿಯನ್ನು ಮನೆಯಿಂದ ಗಡೀಪಾರು ಮಾಡಬೇಕೇ? ಬೇಡ. ನಿಷೇಧಿಸಿದ್ದರ ಮೇಲೆ ಆಸೆ ಇಮ್ಮಡಿ, ಮುರಿದ ದಿನ ‘ಹೇಗೂ ಕೆಟ್ಟಿತು, ಪೂರ್ತಿ ತಿಂದುಬಿಡುತ್ತೇನೆ’ ಎನ್ನಿಸುತ್ತದೆ. ಆದರೆ ಗೌರಿ ಹಬ್ಬದ ಚಕ್ಕುಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದಕ್ಕೂ, ನಾಲ್ಕು ಚಕ್ಕುಲಿಯನ್ನು ತಟ್ಟೆಗೆ ಹಾಕಿ ಕಾಫಿಯ ಜೊತೆ ತಿನ್ನುವುದಕ್ಕೂ ವ್ಯತ್ಯಾಸವಿದೆ. ಸಂಜೆಯ ತಿಂಡಿಯ ಹೊತ್ತಿಗೆ ಅದಕ್ಕೊಂದು ಜಾಗ ಕೊಡಿ.

ಐದನೆಯದು: ರಾತ್ರಿ ಹತ್ತರ ನಂತರ

ಬಿಂಜ್ ಬರುತ್ತಿದೆ ಎಂದು ಗೊತ್ತಾದಾಗ ‘ತಡೆದುಕೋ’ ಎನ್ನುವುದರಿಂದ ಪ್ರಯೋಜನವಿಲ್ಲ. ಎಡಿಎಚ್‌ಡಿಯಲ್ಲಿ ದುರ್ಬಲವಾಗಿರುವುದೇ ಆ ತಡೆ. ಆ ಹೊತ್ತಿಗೆ ಯೋಚಿಸಿ ಆರಿಸುವ ಶಕ್ತಿಯೂ ಇರುವುದಿಲ್ಲ, ಆದ್ದರಿಂದ ಪಟ್ಟಿ ಮೊದಲೇ ಫ್ರಿಜ್ಜಿನ ಬಾಗಿಲ ಮೇಲಿರಲಿ. ಪ್ರಶ್ನೆ ಒಂದೇ: ಕೊನೆಯ ಊಟವಾಗಿ ನಾಲ್ಕು ಗಂಟೆ ಕಳೆದಿದೆಯೇ? ಹೌದಾದರೆ ಅದು ಹಸಿವು. ತಟ್ಟೆ ಹಾಕಿಕೊಂಡು, ಕುಳಿತು, ಪೂರ್ತಿ ಊಟ ಮಾಡಿ. ಇಲ್ಲವಾದರೆ ಮಿದುಳಿಗೆ ಬೇರೆ ಪ್ರಚೋದನೆ ಬೇಕಾಗಿದೆ: ತಣ್ಣೀರಿನಲ್ಲಿ ಮುಖ ತೊಳೆಯುವುದು, ಜೋರು ಹಾಡಿಗೆ ಕುಣಿಯುವುದು, ಮಹಡಿ ಮೆಟ್ಟಿಲು ಇಳಿದು ಗೇಟಿನವರೆಗೆ ಹೋಗಿ ಬರುವುದು, ಯಾರಿಗಾದರೂ ಫೋನ್ ಮಾಡುವುದು. ಉಸಿರಾಟದ ಧ್ಯಾನ ಕೆಲವರಿಗೆ ಒಗ್ಗುತ್ತದೆ. ಕೂರಲೇ ಆಗದವರಿಗೆ ಅದನ್ನು ಒತ್ತಾಯಿಸುವುದರಲ್ಲಿ ಅರ್ಥವಿಲ್ಲ.

ಎಷ್ಟೋ ಸಲ ಇದೆಲ್ಲ ಸೋಲುತ್ತದೆ. ಸೋತ ರಾತ್ರಿಯ ನಂತರದ ಒಂದು ನಿಯಮವನ್ನು ಮಾತ್ರ ಬಿಡಬೇಡಿ: ಮುಂದಿನ ತಿಂಡಿ ಎಂದಿನ ಹೊತ್ತಿಗೇ, ಎಂದಿನ ಅಳತೆಯಲ್ಲೇ. ಉಪವಾಸದಿಂದ, ವಾಂತಿಯಿಂದ, ಎರಡು ಗಂಟೆ ಜಿಮ್ಮಿನಿಂದ ಸರಿದೂಗಿಸಲು ಹೊರಟರೆ ಸುತ್ತು ಮತ್ತೆ ಆರಂಭ. ವಾಂತಿಯಾಗಿದ್ದರೆ ತಕ್ಷಣ ಹಲ್ಲುಜ್ಜಬೇಡಿ. ಆಮ್ಲದಿಂದ ಮೆತ್ತಗಾದ ಹಲ್ಲಿನ ಕವಚ ಉಜ್ಜಿದಾಗ ಸವೆಯುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು.

ಉಪವಾಸದ ಮಾತು ಬಂದದ್ದರಿಂದ: ಏಕಾದಶಿ, ಶ್ರಾವಣ ಸೋಮವಾರ, ನವರಾತ್ರಿಯ ಒಪ್ಪೊತ್ತು, ರಂಜಾನ್ ರೋಜಾ. ಕಾಯಿಲೆಯವರಿಗೆ ವಿನಾಯಿತಿ ಕೊಡದ ಸಂಪ್ರದಾಯ ನಮ್ಮಲ್ಲಿ ಯಾವುದೂ ಇಲ್ಲ, ಇದೂ ಕಾಯಿಲೆಯೇ. ಈಗಿನ ‘ಹದಿನಾರು ಗಂಟೆ ಉಪವಾಸ, ಎಂಟು ಗಂಟೆ ಊಟ’ದ ವ್ರತಕ್ಕಂತೂ ದೇವರ ಅಪ್ಪಣೆಯೂ ಇಲ್ಲ. ಬಿಂಜ್ ಇರುವವರು ಅದರ ಹತ್ತಿರ ಸುಳಿಯಬಾರದು.

ಆರನೆಯದು: ವೈದ್ಯರ ಮುಂದೆ ಎರಡನ್ನೂ ಒಟ್ಟಿಗೆ ಇಡಿ

ಹೆಚ್ಚಿನವರು ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಳ್ಳುತ್ತಾರೆ. ಮರೆವಿನ ಬಗ್ಗೆ ಹೇಳಲು ಸಂಕೋಚವಿಲ್ಲ, ರಾತ್ರಿ ಕದ್ದು ತಿನ್ನುವುದನ್ನು ಹೇಳಲು ನಾಲಿಗೆ ಬರುವುದಿಲ್ಲ. ಚೀಟಿಯಲ್ಲಿ ಬರೆದುಕೊಂಡು ಹೋಗಿ, ಓದಲಾಗದಿದ್ದರೆ ಚೀಟಿಯನ್ನೇ ಕೊಡಿ: ‘ಡಾಕ್ಟರೇ, ಚಿಕ್ಕಂದಿನಿಂದ ನನಗೆ ಗಮನ ನಿಲ್ಲುವುದಿಲ್ಲ. ಜೊತೆಗೆ ವಾರದಲ್ಲಿ ಇಷ್ಟು ಸಲ ಹಿಡಿತ ತಪ್ಪಿ ತಿನ್ನುತ್ತೇನೆ, ಆಮೇಲೆ ಹೀಗೆ ಮಾಡುತ್ತೇನೆ. ಎರಡನ್ನೂ ಒಟ್ಟಿಗೆ ನೋಡಬೇಕು.’

ಹೋಗುವ ಮುನ್ನ ಹಳೆಯ ಶಾಲಾ ಪ್ರಗತಿಪತ್ರ ಹುಡುಕಿ. ‘ಬುದ್ಧಿವಂತೆ, ಆದರೆ ಅಜಾಗರೂಕಳು’ ಎಂದು ಮೇಷ್ಟ್ರು ಬರೆದ ಒಂದು ಸಾಲು ದೊಡ್ಡ ಸಾಕ್ಷಿ. ತರಗತಿಯಲ್ಲಿ ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಯರ ಎಡಿಎಚ್‌ಡಿ ಯಾರ ಕಣ್ಣಿಗೂ ಬೀಳದೆ ಹೋಗುವುದು ಸಾಮಾನ್ಯ. ತಾಯಿಯನ್ನೋ ಅಣ್ಣನನ್ನೋ ಕರೆದೊಯ್ದರೆ ಬಾಲ್ಯದ ವಿವರ ಸಿಗುತ್ತದೆ, ಆದರೆ ಊಟದ ಮಾತನ್ನು ವೈದ್ಯರ ಜೊತೆ ಒಬ್ಬರೇ ಆಡುವ ಹಕ್ಕು ನಿಮಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಎಂಬ ಆರು ಪ್ರಶ್ನೆಗಳ ಪ್ರಶ್ನಾವಳಿ ಎಡಿಎಚ್‌ಡಿಯ ಸುಳಿವು ಕೊಡುತ್ತದೆ. ಬ್ರಿಟನ್ನಿನಲ್ಲಿ 1999ರಲ್ಲಿ ಬಂದ ಸ್ಕಾಫ್ ಎಂಬ ಐದು ಪ್ರಶ್ನೆಗಳ ಪ್ರಶ್ನಾವಳಿ ಅನೊರೆಕ್ಸಿಯಾ, ಬುಲಿಮಿಯಾಗಳ ಸುಳಿವು ಕೊಡುತ್ತದೆ. ಅದರಲ್ಲಿ ಎರಡು ‘ಹೌದು’ ಬಂದರೆ ಪರೀಕ್ಷೆ ಬೇಕು. ಎರಡೂ ಬರೀ ಸುಳಿವು, ರೋಗನಿರ್ಣಯವಲ್ಲ. ರಕ್ತದೊತ್ತಡ, ನಾಡಿಬಡಿತ, ಇಸಿಜಿ, ಪೊಟ್ಯಾಸಿಯಂ, ಥೈರಾಯ್ಡ್ ನೋಡಬೇಕೇ ಎಂದು ನೀವೇ ಕೇಳಿ. ತೂಕ ತಿಳಿದರೆ ಮನಸ್ಸು ಕೆಡುತ್ತದೆ ಎಂದಾದರೆ ಯಂತ್ರಕ್ಕೆ ಬೆನ್ನು ಹಾಕಿ ನಿಂತು, ಸಂಖ್ಯೆ ಹೇಳಬೇಡಿ ಎನ್ನಬಹುದು.

ಏಳನೆಯದು: ಔಷಧಿಯ ಲೆಕ್ಕ

ನಮ್ಮಲ್ಲಿ ಎಡಿಎಚ್‌ಡಿಗೆ ಹೆಚ್ಚಾಗಿ ಬರೆಯುವುದು ಮಿಥೈಲ್‌ಫೆನಿಡೇಟ್ ಮತ್ತು ಅಟೊಮಾಕ್ಸೆಟಿನ್. ಎರಡೂ ಹಸಿವನ್ನು ತಗ್ಗಿಸಬಲ್ಲವು. ಮಿಥೈಲ್‌ಫೆನಿಡೇಟ್ ನುಂಗಿದ ಅನೇಕರಿಗೆ ಮಧ್ಯಾಹ್ನ ಊಟದ ಯೋಚನೆಯೇ ಬರುವುದಿಲ್ಲ. ಸಂಜೆ ಅದರ ಪ್ರಭಾವ ಇಳಿಯುತ್ತಿದ್ದಂತೆ ಹಸಿವು ಒಮ್ಮೆಗೇ ಮೇಲೇಳುತ್ತದೆ, ಹಿಡಿತವೂ ಅದೇ ಹೊತ್ತಿಗೆ ಸಡಿಲ. ಪರಿಹಾರ ಸರಳ: ಮಾತ್ರೆಗೆ ಮೊದಲು ಗಟ್ಟಿ ತಿಂಡಿ, ಮಧ್ಯಾಹ್ನ ರುಚಿಸದಿದ್ದರೂ ಗಡಿಯಾರ ನೋಡಿ ಮೊಸರನ್ನವೋ ಲಸ್ಸಿಯೋ, ಮಾತ್ರೆ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ಸಂಜೆಯ ತಿಂಡಿ.

ಹಸಿವು ಹೋಗುತ್ತದೆಂಬ ಖುಷಿಗೆ ಮಾತ್ರೆ ಹೆಚ್ಚಿಸಿಕೊಳ್ಳುವ ಆಸೆ ಬಂದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಕಾಯಿಲೆಯೇ ಆಡಿಸುವ ಮಾತು ಅದು. ತೂಕ ತೀರಾ ಕಡಿಮೆ ಇರುವವರಿಗೆ ಸಾಮಾನ್ಯವಾಗಿ ಪೋಷಣೆ ಮೊದಲು, ಮಿಥೈಲ್‌ಫೆನಿಡೇಟ್‌ನಂಥ ಉತ್ತೇಜಕ ಔಷಧಿ ಆಮೇಲೆ. ಬಿಂಜ್ ಇರುವವರ ಕಥೆ ಬೇರೆ. ಎಡಿಎಚ್‌ಡಿಗೆ ಬಳಸುವ ಲಿಸ್‌ಡೆಕ್ಸ್‌ಆಂಫೆಟಮಿನ್ ಎಂಬ ಉತ್ತೇಜಕಕ್ಕೆ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ವಯಸ್ಕರ ಬಿಂಜ್ ಈಟಿಂಗ್‌ಗೂ ಒಪ್ಪಿಗೆ ಕೊಟ್ಟರು. ಅಂದರೆ ಒಂದೇ ಔಷಧಿ ಒಬ್ಬರಿಗೆ ಚಿಕಿತ್ಸೆ, ಇನ್ನೊಬ್ಬರಿಗೆ ಅಪಾಯ.

ಬುಪ್ರೊಪಿಯಾನ್ ಹೆಸರನ್ನು ನೆನಪಿಟ್ಟುಕೊಳ್ಳಿ. ಖಿನ್ನತೆಗೆ, ಸಿಗರೇಟು ಬಿಡಿಸಲು, ಕೆಲವೊಮ್ಮೆ ಎಡಿಎಚ್‌ಡಿಗೂ ಬರೆಯುತ್ತಾರೆ. ಅನೊರೆಕ್ಸಿಯಾ ಅಥವಾ ಬುಲಿಮಿಯಾ ಇರುವವರಿಗೆ, ಹಿಂದೆ ಇದ್ದವರಿಗೂ, ಇದು ಕೂಡದು. ಫಿಟ್ಸ್ ಬರುವ ಅಪಾಯ ಹೆಚ್ಚು. ವಾಂತಿಯ ವಿಷಯ ಮುಚ್ಚಿಟ್ಟರೆ ಇಂಥ ಮಾತ್ರೆ ತಿಳಿಯದೆ ಕೈಗೆ ಬರುತ್ತದೆ.

ಎಂಟನೆಯದು: ಮನೆಯವರಿಗೆ ಹೇಳಬೇಕಾದ್ದು

ಮದುವೆ ಮನೆಯಲ್ಲಿ ಚಿಕ್ಕಮ್ಮ ಕೆನ್ನೆ ಹಿಂಡಿ ‘ಎಷ್ಟು ದಪ್ಪಗಾಗಿದ್ದೀಯಲ್ಲೇ’ ಎನ್ನುತ್ತಾರೆ, ಐದೇ ನಿಮಿಷದಲ್ಲಿ ಅವರೇ ‘ಇನ್ನೊಂದು ಹೋಳಿಗೆ ಹಾಕಿಸಿಕೋ, ಸಂಕೋಚ ಯಾಕೆ’ ಎಂದು ತುಪ್ಪ ಸುರಿಯುತ್ತಾರೆ. ಚಿಕ್ಕಮ್ಮನನ್ನು ತಿದ್ದಲು ಹೋಗುವುದು ವ್ಯರ್ಥ. ‘ಚೆನ್ನಾಗಿದ್ದೀರಾ ಚಿಕ್ಕಮ್ಮ, ಮೊಣಕಾಲು ನೋವು ಹೇಗಿದೆ?’ ಎಂದು ಮಾತು ತಿರುಗಿಸಿ.

ಒಂದೇ ಮನೆಯಲ್ಲಿರುವವರಿಗೆ ಮಾತ್ರ ಸ್ಪಷ್ಟವಾಗಿ ಹೇಳಬೇಕು. ‘ಅಮ್ಮ, ನಾನು ಎಷ್ಟು ತಿಂದೆ ಎಂದು ಲೆಕ್ಕ ಹಾಕಬೇಡಿ. ಒಂದೂವರೆಗೆ ಊಟಕ್ಕೆ ಕರೆಯಿರಿ, ಬರದಿದ್ದರೆ ಇನ್ನೊಮ್ಮೆ ಕರೆಯಿರಿ. ಅಷ್ಟು ಸಾಕು.’ ತಿಂಡಿ ಬೀರುವಿಗೆ ಬೀಗ ಹಾಕುವುದು, ಖಾಲಿ ಪೊಟ್ಟಣ ಎತ್ತಿ ತೋರಿಸುವುದು, ತಮ್ಮನ ಜೊತೆ ಹೋಲಿಸುವುದು ಇವುಗಳಿಂದ ಗುಟ್ಟು ಹೆಚ್ಚುತ್ತದೆ, ತಿನ್ನುವುದು ಕಡಿಮೆಯಾಗುವುದಿಲ್ಲ. ಗಂಡಸರ ಮನೆಯವರಿಗೆ ಒಂದು ಮಾತು: ಪ್ರೋಟೀನ್ ಪುಡಿ, ಕಠಿಣ ಪಥ್ಯ, ಭಾನುವಾರದ ‘ಚೀಟ್ ಡೇ’ ಎಂಬ ಹೆಸರಿನಲ್ಲಿ ಬಿಂಜ್ ಅಡಗಿರಬಹುದು.

ಎಲ್ಲಿಗೆ ಹೋಗಬೇಕು

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಗಳ ಮತ್ತು ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಿವೆ. ಹೋಗುವ ಧೈರ್ಯ ಇನ್ನೂ ಬಾರದವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ: 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲಿಯೂ ಮಾತಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು. ಹೊರರೋಗಿ ವೆಚ್ಚ ಸೇರಿದೆಯೇ ಎಂದು ಮಾತ್ರ ಪಾಲಿಸಿ ತೆರೆದು ನೋಡಿ.

ಫೇರ್‌ಬರ್ನ್ ಮಾದರಿಯ ಚಿಕಿತ್ಸೆ ತೂಕ ಕುಸಿಯದವರಿಗೆ ಸುಮಾರು ಇಪ್ಪತ್ತು ವಾರ ನಡೆಯುತ್ತದೆ. ಎಡಿಎಚ್‌ಡಿ ಇರುವವರು ಸೋಲುವುದು ಚಿಕಿತ್ಸೆಯ ಒಳಗಲ್ಲ, ಮೂರನೆಯ ಭೇಟಿಯನ್ನು ಮರೆತು ನಾಲ್ಕನೆಯದಕ್ಕೆ ನಾಚಿಕೆಯಿಂದ ಹೋಗದೆ ಇರುವುದರಲ್ಲಿ. ಮೊದಲ ದಿನವೇ ಚಿಕಿತ್ಸಕರಿಗೆ ಹೇಳಿ: ಮನೆಯಲ್ಲಿ ಮಾಡಲು ಕೊಡುವ ಅಭ್ಯಾಸ ಒಂದೇ ಸಾಲಿನದಿರಲಿ, ಭೇಟಿಯ ಹಿಂದಿನ ದಿನ ಸಂದೇಶ ಕಳಿಸಿ, ತಪ್ಪಿಸಿಕೊಂಡರೆ ನೀವೇ ಒಮ್ಮೆ ಕರೆ ಮಾಡಿ. ಮುಂದಿನ ದಿನಾಂಕವನ್ನು ಕೌಂಟರಿನ ಮುಂದೆ ನಿಂತಿರುವಾಗಲೇ ಮೊಬೈಲಿಗೆ ಹಾಕಿಕೊಳ್ಳಿ, ಬಾಗಿಲು ದಾಟಿದ ಮೇಲೆ ಅಲ್ಲ.